ಅವಮಾನ ಆದ ರಾತ್ರಿ ಪದ ಕೇಳ್ತಾ ಮಲಗೋದು: ಇದು ಧೈರ್ಯನಾ, ಸಹಿಸ್ಕೊಳ್ಳೋ ಅಭ್ಯಾಸನಾ?

ತಂಬೂರಿ_ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಮಳವಳ್ಳಿ ಕಡೆ. ಬೆಂಗಳೂರಿಗೆ ಬಂದು ಆರು ವರ್ಷ ಆಯ್ತು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಎರಡು ತಿಂಗಳ ಹಿಂದೆ ಬಾಡಿಗೆ ಮನೆ ಹುಡುಕ್ತಾ ಇದ್ದೆ. ಒಂದು ಮನೆ ಬಹಳ ಇಷ್ಟ ಆಯ್ತು, ಅಡ್ವಾನ್ಸ್ ಮಾತೂ ಮುಗಿದಿತ್ತು. ಓನರ್ ಆಂಟಿ ಕಾಫಿ ಕೊಟ್ಟರು. ಅರ್ಧ ಲೋಟ ಕುಡಿದಿದ್ದೆ, 'ನೀವು ಯಾವ ಪೈಕಿ ಅಮ್ಮ?' ಅಂದರು. ಹೇಳಿದೆ. ಅವರ ಮುಖ ಏನೂ ಬದಲಾಗಲಿಲ್ಲ, ನಗ್ತಾನೇ ಇದ್ದರು. ಮರುದಿನ ಬ್ರೋಕರ್ ಫೋನ್ ಮಾಡಿ 'ಅವರ ಮಗಳೇ ಬಂದಿರ್ತಾಳಂತೆ ಮೇಡಂ' ಅಂದ. ಆ ಮನೆಯ ಟು-ಲೆಟ್ ಬೋರ್ಡು ಇವತ್ತಿಗೂ ಗೇಟಲ್ಲಿ ನೇತಾಡ್ತಿದೆ. ನನ್ನ ಆಫೀಸ್ ಬಸ್ಸು ಹೋಗೋದು ಅದೇ ರಸ್ತೆಯಲ್ಲಿ.

ಅದೇ ವಾರ ಪ್ರಮೋಷನ್ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಪಕ್ಕದ ಟೀಮಿನವನೊಬ್ಬ 'ಓ, ಇಲ್ಲಿಗೂ ಕೋಟಾ ಬಂತಾ' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗಲೂ ಚುಚ್ಚೋದು ಅವನ ಮಾತಲ್ಲ, ನನ್ನ ನಗು.

ಮ್ಯಾನೇಜರ್ ಹತ್ತಿರ ಹೇಳಿದೆ. ಕೆಟ್ಟವರಲ್ಲ ಅವರು. ಒಂದು ಧ್ಯಾನದ ಶಿಬಿರಕ್ಕೆ ಹೆಸರು ಬರೆಸಿದರು. ಅಲ್ಲಿ ಕಲಿಸೋರು 'ನೋವು ಹೊರಗಿಲ್ಲ, ನಿಮ್ಮೊಳಗಿದೆ. ಕ್ಷಮಿಸಿಬಿಡಿ, ಹಗುರಾಗಿ' ಅಂದರು. ಕಣ್ಣು ಮುಚ್ಚಿದೆ. ಟು-ಲೆಟ್ ಬೋರ್ಡೇ ಕಾಣಿಸ್ತು.

ನಮ್ಮ ತಾತ ನೀಲಗಾರರು. ತಂಬೂರಿ ಹಿಡಿದು ನಮ್ಮ ಕಡೆಯ ಸಂತ ಮಂಟೇಸ್ವಾಮಿ, ಅವರ ಶಿಷ್ಯ ಸಿದ್ದಪ್ಪಾಜಿ ಕಥೆ ಹಾಡ್ತಿದ್ದರು. ಅವರು ತೀರಿಕೊಳ್ಳೋ ಮುಂಚೆ ಅಪ್ಪ ಫೋನಲ್ಲಿ ನಲವತ್ತು ನಿಮಿಷ ರೆಕಾರ್ಡ್ ಮಾಡಿಟ್ಟಿದ್ದಾರೆ. ನಡುವೆ ತಾತನ ಕೆಮ್ಮು, ಹಿಂದೆ ಯಾರೋ ಕೋಳಿ ಓಡಿಸೋ ಸದ್ದು. ರಾತ್ರಿ ಅದನ್ನ ಹಾಕ್ಕೊಂಡು, ಹಣೆಗೆ ಒಂದು ಬೆರಳು ಕಪ್ಪು ಧೂಳ್ತ (ಮಂಟೇಸ್ವಾಮಿ ಭಸ್ಮ) ಹಚ್ಕೊಂಡು ಮಲಗ್ತೀನಿ. ನಿದ್ದೆ ಬರುತ್ತೆ. ಬೆಳಗ್ಗೆ ಒರೆಸಿಕೊಂಡು ಆಫೀಸಿಗೆ ಹೋಗ್ತೀನಿ.

ನನ್ನ ಪ್ರಶ್ನೆ ಇಷ್ಟೇ. ಇದರಿಂದ ನಾನು ಗಟ್ಟಿ ಆಗ್ತಿದ್ದೀನಾ, ಇಲ್ಲಾ ಮರುದಿನ ಮತ್ತೆ ಅವರ ಜೊತೆ ನಗೋಕೆ ರೆಡಿ ಆಗ್ತಿದ್ದೀನಾ?

ಹೊಸಕೋಟೆ_ಹುಡ್ಗ

ಬೋರ್ಡಿನ ವಿಷಯ ಓದಿ ಹೊಟ್ಟೆ ಉರೀತು ಅಕ್ಕ. ನನಗೆ 'ನಾನ್‌ವೆಜ್ ಮಾಡ್ತೀರಾ' ಅಂತ ಶುರು ಮಾಡ್ತಾರೆ. ಅದು ಬರೀ ಪೀಠಿಕೆ.

ಆತ್ಮಾನಂದ_62

ಮಗು, ನಾನು ನಿವೃತ್ತ ಮೇಷ್ಟ್ರು. ತಪ್ಪು ತಿಳೀಬೇಡ. ಜಾತಿ ಅನ್ನೋದು ದೇಹಕ್ಕೆ, ಆತ್ಮಕ್ಕಲ್ಲ. ಅವರು ಅಜ್ಞಾನಿಗಳು. ನೀನು ಕೋಪ ಇಟ್ಕೊಂಡರೆ ಸುಡೋದು ನಿನ್ನನ್ನೇ. ಬೆಳಗ್ಗೆ ಎದ್ದು ಹತ್ತು ನಿಮಿಷ ನಾಮಜಪ ಮಾಡು. ನನಗೆ ಶುಗರ್, ಬಿಪಿ ಎರಡೂ ಹತೋಟಿಗೆ ಬಂತು.

ಕಲಬುರ್ಗಿ_ಬಿಸಿಲು

@ಆತ್ಮಾನಂದ_62 ಸರ್, ಆತ್ಮಕ್ಕ ಜಾತಿ ಇಲ್ಲ ಅನ್ನೋದು ಆ ಹುಡುಗಿಗೆ ಗೊತ್ತೈತ್ರಿ. ಓನರ್ ಆಂಟಿಗೆ ಯಾರು ಹೇಳೋರು? ಉಪದೇಶ ಯಾವಾಗಲೂ ಏಟು ತಿಂದವರಿಗೇ ಯಾಕ್ರಿ?

ಆತ್ಮಾನಂದ_62

ಆಂಟಿ ಈ ಗುಂಪಿನಲ್ಲಿ ಇಲ್ಲವಲ್ಲಪ್ಪ.

ಕಲಬುರ್ಗಿ_ಬಿಸಿಲು

ಇದ್ದರೂ ಇರಬಹುದು. ಅಂಥವರು ದಿನಾ ಬೆಳಗ್ಗೆ ಸುಪ್ರಭಾತ ಫಾರ್ವರ್ಡ್ ಮಾಡ್ತಿರ್ತಾರ 😄

ಬರೀ_ಪ್ರಶ್ನೆ

ನಾನು ದೇವರನ್ನ ನಂಬೋನಲ್ಲ, ಹಾಗಾಗಿ ನೇರವಾಗಿ ಹೇಳ್ತೀನಿ. ಗಾಯ ಮಾಡಿದ ಕತ್ತಿಯನ್ನೇ ಹಣೆಗೆ ಒತ್ತಿಕೊಂಡ ಹಾಗಿದೆ ಇದು. ಊರ ಗುಡಿ ಬಾಗಿಲಲ್ಲಿ ನಿಲ್ಲಿಸಿದ್ದು ಯಾರು? ಎಂಜಲೆಲೆ ಮೇಲೆ ಉರುಳಿಸಿದ್ದು ಯಾರು? ಕುಕ್ಕೆಯ ಮಡೆಸ್ನಾನ ನಿಲ್ಲಿಸೋಕೆ ಎಷ್ಟು ವರ್ಷ ಹೋರಾಟ ಮಾಡಬೇಕಾಯ್ತು, ಕೋರ್ಟು ಹತ್ತಬೇಕಾಯ್ತು. ಕೊನೆಗೆ 2020ರಲ್ಲಿ ಮೌಢ್ಯ ನಿಷೇಧ ಕಾಯ್ದೆಯನ್ನೇ ತಂದರು. ಉರುಳಿದವರೂ 'ನಮಗೆ ಇದರಿಂದ ನೆಮ್ಮದಿ' ಅಂತಲೇ ಹೇಳ್ತಿದ್ದರು. ನೆಮ್ಮದಿ ಸಿಕ್ಕಿತು ಅನ್ನೋದು ಯಾವುದಕ್ಕೂ ಸರ್ಟಿಫಿಕೇಟ್ ಅಲ್ಲ.

ಕಾನೂನು_ಕಣ್ಣು

ಸಣ್ಣ ತಿದ್ದುಪಡಿ. ಆ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ನಿಮ್ಮ ಕೊನೆ ಸಾಲಿಗೆ ಮಾತ್ರ ನನ್ನ ಪೂರ್ತಿ ಒಪ್ಪಿಗೆ.

ಮಳವಳ್ಳಿ_ಮಾಮ

ಅವ್ವಾ, ನಿಮ್ಮ ತಾತ ಯಾವೂರಿನವರು? ಬಿ.ಜಿ. ಪುರದ ಸುತ್ತಮುತ್ತ ಇದ್ದರೆ ನಾನು ಕೇಳಿರಬಹುದು ಅವರ ಹಾಡು.

ಮೇಲೆ ಒಬ್ಬರು ಕತ್ತಿ ಅಂದರು. ಅವರ ಕೋಪ ಸರಿ, ಗುರಿ ತಪ್ಪಿದೆ. ಎಲ್ಲ ದೇವರೂ ಒಂದೇ ಕಡೆ ನಿಂತಿಲ್ಲ ಸ್ವಾಮಿ. ಮಂಟೇಸ್ವಾಮಿ ಕಲ್ಯಾಣಕ್ಕೆ ಬರೋ ಭಾಗ ಕೇಳಿದ್ದೀರಾ? ಬಸವಣ್ಣನ ಅರಮನೆ ಬಾಗಿಲು. ಒಳಗೆ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು. ಧರೆಗೆ ದೊಡ್ಡವರು, ಅಂದರೆ ಮಂಟೇಸ್ವಾಮಿ, ಹೇಗೆ ಬಂದರು? ಸತ್ತ ಕರು ಹೊತ್ಕೊಂಡು, ಮೈಯೆಲ್ಲ ಕೀವು ರಕ್ತ, ನೊಣ ಮುತ್ತಿಕೊಂಡು. ಬಾಗಿಲವರು ಮೂಗು ಮುಚ್ಕೊಂಡು ತಳ್ಳಿದರು. ಜಾತಿ ಬೇಡ ಅಂದ ಊರಿನ ಬಾಗಿಲಲ್ಲೇ ಜಾತಿ ಪರೀಕ್ಷೆ ನಡೆದುಹೋಯ್ತು ನೋಡಿ! ಪಾಸಾಗಿದ್ದು ಬಸವಣ್ಣ, ನೀಲಮ್ಮ ಇಬ್ಬರೇ. ತಿಪ್ಪೇಲಿ ಹುಡುಕಿಕೊಂಡು ಹೋಗಿ ಕರೆತಂದರು.

ಈ ಕಥೆಯಲ್ಲಿ ಹೊರಗೆ ನಿಂತೋನು ಅಳಲ್ಲ, ಕ್ಷಮಿಸಿಬಿಡ್ತೀನಿ ಅಂತಲೂ ಹೇಳಲ್ಲ. ಪರೀಕ್ಷೆ ಬರೀತಿರೋದು ಒಳಗಿರೋರು. ನಾನು ಚಿಕ್ಕೋನಿದ್ದಾಗ ಹೋಟ್ಲಲ್ಲಿ ನಮಗೆ ಬೇರೆ ಲೋಟ. ಗೋಡೆ ಗೂಡಲ್ಲಿ ಇಟ್ಟಿರೋರು, ನಾವೇ ತೊಳೆದು ಇಡಬೇಕು. ನಮ್ಮಪ್ಪ ಲೋಟ ತೊಳೀತಾ ಈ ಪದ ಗುನುಗೋನು. ನನಗೆ ಆಗ ಅರ್ಥ ಆಗ್ತಿರಲಿಲ್ಲ. ಅವನು ಹೋಟ್ಲೋನಿಗೆ ಮಾರ್ಕ್ಸ್ ಹಾಕ್ತಿದ್ದ ಅಂತ ಈಗ ಅನ್ಸುತ್ತೆ.

ಸಿದ್ದಪ್ಪಾಜಿ ಕಥೆಯೂ ಅಷ್ಟೇ. ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದ. ಕೊಡಬಾರದ ಹಿಂಸೆ ಕೊಟ್ಟರು. ಹಗುರಾಗಿ ವಾಪಸ್ ಬಂದನಾ? ಕಬ್ಬಿಣ ತಗೊಂಡೇ ಬಂದ.

ಒಂದು ಪ್ರಶ್ನೆ. ಧೂಳ್ತ ಬೆಳಗ್ಗೆ ಒರೆಸೋದ್ಯಾಕೆ ಮಗಳೇ?

ಹೊಸಕೋಟೆ_ಹುಡ್ಗ

'ಹೋಟ್ಲೋನಿಗೆ ಮಾರ್ಕ್ಸ್ ಹಾಕ್ತಿದ್ದ'. ಎದ್ದು ನಿಂತು ಚಪ್ಪಾಳೆ ಮಾಮ 🙏

ಬರೀ_ಪ್ರಶ್ನೆ

ಕಥೆ ಚೆನ್ನಾಗಿದೆ, ಒಪ್ಪಿದೆ. ಆದರೆ ಹೋಟ್ಲೋನಿಗೆ ತಾನು ಫೇಲಾಗಿದ್ದು ಗೊತ್ತೇ ಆಗಲಿಲ್ಲವಲ್ಲ ಮಾಮ?

ಮಳವಳ್ಳಿ_ಮಾಮ

ಗೊತ್ತಾಯ್ತು. ನಮ್ಮಣ್ಣ ದಲಿತರ ಸಂಘ ಸೇರ್ಕೊಂಡ. ಒಂದು ದಿನ ಆರು ಜನ ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಕಾಫಿ ಕೇಳಿದರು. ಅದರಲ್ಲಿ ಇಬ್ಬರು ಮಂಟೇಸ್ವಾಮಿ ಲಾಂಛನ ಕಂಡಾಯ ಹೊರೋ ಮನೆಯವರು.

ಕುದ್ರೋಳಿ_ಗಾಳಿ

ನಮ್ಮ ಕಡೆದೂ ಸ್ವಲ್ಪ ಹೇಳ್ತೇನೆ. ಬಿಲ್ಲವರನ್ನು ದೇವಸ್ಥಾನದ ಒಳಗೆ ಬಿಡ್ತಿರಲಿಲ್ಲ. ಹಿರಿಯರು ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಅವರೇ ಬಂದು ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿದರು. ಅದಕ್ಕೂ ಮುಂಚೆ 1888ರಲ್ಲಿ ಅರುವಿಪ್ಪುರಂನಲ್ಲಿ ಲಿಂಗ ಇಟ್ಟಾಗ 'ನಿನಗೇನು ಅಧಿಕಾರ' ಅಂತ ಕೇಳಿದವರಿಗೆ 'ನಾನಿಟ್ಟದ್ದು ಈಳವ ಶಿವನನ್ನು' ಅಂದರಂತೆ (ಈಳವ ಅಂದರೆ ಗುರುಗಳ ಜಾತಿ). ಬಿಡದಿದ್ದರೆ ಬೇಡ, ನಮ್ಮದೇ ಉಂಟು ಅನ್ನುವ ಧೈರ್ಯ. ಇವತ್ತು ಕುದ್ರೋಳಿ ದಸರಾಕ್ಕೆ ಯಾರು ಬರುವುದಿಲ್ಲ ಹೇಳಿ?

ಹಾಗಂತ ಎಲ್ಲವೂ ಸಕ್ಕರೆ ಅಲ್ಲ ಮಾರಾಯ್ರೆ. ನೇಮದ (ಭೂತಕೋಲದ) ರಾತ್ರಿ ದೈವ ಕಟ್ಟುವವರು ನಲಿಕೆಯವರು, ಪರವರು, ಪಂಬದರು. ಊರ ಗುತ್ತಿನ ದೊಡ್ಡ ಮನೆಯವರೇ ಕೈಮುಗಿದು ನಿಲ್ತಾರೆ, ದೈವ ಬೈದರೆ ತಲೆತಗ್ಗಿಸ್ತಾರೆ. ಬೆಳಗ್ಗೆ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದಲ್ಲೇ ನಿಲ್ಲಬೇಕು. ನಾನು ಕಣ್ಣಾರೆ ಕಂಡದ್ದು. ಒಂದು ರಾತ್ರಿಯ ಗೌರವ ಇಡೀ ವರ್ಷದ ಅವಮಾನಕ್ಕೆ ಬಡ್ಡಿಯಾ ಅಂತ ಯೋಚಿಸ್ತೇನೆ ಒಮ್ಮೊಮ್ಮೆ.

ಆತ್ಮಾನಂದ_62

ಉಡುಪಿಯಲ್ಲಿ ಕನಕದಾಸರಿಗಾಗಿ ಕೃಷ್ಣನೇ ತಿರುಗಿದನಲ್ಲ. ಭಕ್ತಿ ಗೆದ್ದಿತು.

ಕಲಬುರ್ಗಿ_ಬಿಸಿಲು

ಕಿಂಡಿ ಆಯ್ತು ಸರ್. ಬಾಗಿಲು?

ಆತ್ಮಾನಂದ_62

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಜವಾಗಿಯೂ.

ನೀಲಿ_ಶಾಲು

ಬಾಗಿಲಿನ ಮಾತು ಬಂತಲ್ಲ, ನಾವು ಬಾಗಿಲನ್ನೇ ಬಿಟ್ಟು ಬಂದೋರು. ನಮ್ಮನೇಲಿ ಎಲ್ಲರೂ ಬೌದ್ಧರು. ಬಾಬಾಸಾಹೇಬರು 1935ರಲ್ಲಿ ನಾಗಪುರದಲ್ಲಿ ದೀಕ್ಷೆ ತಗೊಂಡಾಗ ಲಕ್ಷಾಂತರ ಜನ ಜೊತೆಗೆ ಬಂದರು. ಅದು ಧರ್ಮವೂ ಹೌದು, ಹೋರಾಟವೂ ಹೌದು.

ಕಾನೂನು_ಕಣ್ಣು

1935 ಯೇವಲಾದಲ್ಲಿ ಘೋಷಣೆ ಮಾಡಿದ್ದು, 'ಹಿಂದೂವಾಗಿ ಸಾಯಲಾರೆ' ಅಂತ. ದೀಕ್ಷೆ ತಗೊಂಡಿದ್ದು 1956ರ ಅಕ್ಟೋಬರ್ 14. ನಡುವೆ 21 ವರ್ಷ.

ನೀಲಿ_ಶಾಲು

ಹೌದು ಹೌದು, ಅವಸರದಲ್ಲಿ ಬರೆದೆ, ಥ್ಯಾಂಕ್ಸ್. ಆ 21 ವರ್ಷವೇ ಮುಖ್ಯ ಅನ್ಸುತ್ತೆ ನನಗೆ. ಆ ಮನುಷ್ಯ ಅವಮಾನದ ಬಿಸಿಯಲ್ಲಿ ಧರ್ಮ ಬದಲಾಯಿಸಲಿಲ್ಲ. ಓದಿದರು, ಅಳೆದು ತೂಗಿದರು. ದೀಕ್ಷೆ ಆದ ಎರಡು ತಿಂಗಳೊಳಗೆ ತೀರಿಕೊಂಡರು. ತಾವು ಅನುಭವಿಸಿದ್ದು ಕಮ್ಮಿ, ನಮಗೆ ಬಿಟ್ಟು ಹೋದದ್ದು ಜಾಸ್ತಿ.

2022ರಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ ಸುದ್ದಿ ನೆನಪಿದೆಯಾ? ಮೆರವಣಿಗೆಯಲ್ಲಿ ದೇವರ ಕೋಲು ಮುಟ್ಟಿದ ಅಂತ ಒಬ್ಬ ಹುಡುಗನ ಮನೆಯವರಿಗೆ 60 ಸಾವಿರ ದಂಡ ಹಾಕಿದರು. ಆ ಮನೆಯವರು ಗೋಡೆ ಮೇಲಿದ್ದ ದೇವರ ಫೋಟೋ ಎಲ್ಲ ಇಳಿಸಿ ಬುದ್ಧ, ಅಂಬೇಡ್ಕರ್ ಫೋಟೋ ಹಾಕಿದರು. ಪೊಲೀಸ್ ಕೇಸೂ ಆಯ್ತು. ಫೋಟೋ ಬದಲಾಯಿಸಿದ್ದನ್ನ ಪಲಾಯನ ಅಂತೀರಾ? ನಾನಂತೂ ಅನ್ನಲ್ಲ.

ಹೊಸಕೋಟೆ_ಹುಡ್ಗ

ಬೌದ್ಧ ಆದರೆ ಎಸ್‌ಸಿ ಸರ್ಟಿಫಿಕೇಟ್ ಹೋಗುತ್ತಂತಲ್ಲ? ನಮ್ಮಪ್ಪ ಅದಕ್ಕೇ ಹೆದರ್ತಾರೆ.

ಕಾನೂನು_ಕಣ್ಣು

ಹೋಗಲ್ಲ. ಎಸ್‌ಸಿ ಪಟ್ಟಿಯ 1950ರ ಆದೇಶದಲ್ಲಿ ಹಿಂದೂಗಳಿಗೆ ಮಾತ್ರ ಅಂತಿತ್ತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತ, ಮುಸ್ಲಿಂ ಆದವರಿಗೆ ಇಲ್ಲ, ಅದು ಇನ್ನೂ ಸುಪ್ರೀಂ ಕೋರ್ಟಲ್ಲಿ ಇದೆ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು ಏನಾದರೂ ಅಂದರೆ 1990ರ ತಿದ್ದುಪಡಿ ಅಂತ ಹೇಳಿ, ಸುಮ್ನೆ ವಾಪಸ್ ಬರಬೇಡಿ.

ಮಂಡಿನೋವು_ಮಂಜು

ಧ್ಯಾನದ ಬಗ್ಗೆ ನನ್ನದೊಂದು. ತುಮಕೂರು ರಸ್ತೆ ಹತ್ತಿರ ಆಲೂರಿನ ವಿಪಸ್ಸನ ಕೇಂದ್ರಕ್ಕೆ ಹೋಗಿದ್ದೆ. ಹತ್ತು ದಿನ ಫೋನಿಲ್ಲ, ಒಂಬತ್ತು ದಿನ ಮಾತಿಲ್ಲ, ಬೆಳಗ್ಗೆ ನಾಲ್ಕಕ್ಕೆ ಗಂಟೆ. ಶುಲ್ಕ ಇಲ್ಲ, ಮುಗಿದ ಮೇಲೆ ಇಷ್ಟ ಇದ್ದರೆ ಕಾಣಿಕೆ. ಹಿಡಿಸಿದ್ದು ಏನು ಗೊತ್ತಾ? ಒಂಬತ್ತು ದಿನ ಯಾರೂ ನನ್ನ ಅಡ್ಡಹೆಸರು ಕೇಳಲಿಲ್ಲ. ಮಾತಾಡಂಗೇ ಇಲ್ವಲ್ಲ! ಹತ್ತನೇ ದಿನ ಮೌನ ಬಿಟ್ಟ ಕೂಡ್ಲೇ ಪಕ್ಕದೋನು 'ಯಾವೂರು, ಯಾರ ಪೈಕಿ' ಅಂದ.

ಹೊಸಕೋಟೆ_ಹುಡ್ಗ

😂😂 ಮಂಡಿ ಹೇಗಿದೆ ಈಗ?

ಮಂಡಿನೋವು_ಮಂಜು

ಮೂರನೇ ದಿನ ಹೋಗಿದ್ದು ಇನ್ನೂ ಬಂದಿಲ್ಲ. ಕುರ್ಚಿ ಕೇಳಿದರೆ ಕೊಡ್ತಾರೆ, ನಾಚಿಕೆ ಬೇಡ.

ಸಾಕಪ್ಪ_ಸಾಕು

ಎಲ್ಲದಕ್ಕೂ ಜಾತಿ ತರಬೇಡಿ. ಮನೆ ಕೊಡೋದು ಬಿಡೋದು ಓನರ್ ಇಷ್ಟ. ನಾನು ಬ್ಯಾಚುಲರ್ ಅಂತ ನನಗೂ ಎಂಟು ಮನೆ ಇಲ್ಲ ಅಂದರು. ನಾನೇನು ಪೋಸ್ಟ್ ಹಾಕಿದ್ನಾ?

ಶಿಗ್ಗಾಂವಿ_ಬೇಗಂ

ಅಣ್ಣಾ, ನೀವು ಮದುವೆ ಆದರೆ ಬ್ಯಾಚುಲರ್ ಅನ್ನೋದು ಮುಗೀತು. ನಮ್ಮ ಹೆಸರು ಎಲ್ಲಿಗೆ ಒಯ್ಯೋಣ? ನಾನು 'ಹೆಸರೇನು' ಅನ್ನೋ ತನಕ ಬಹಳ ಒಳ್ಳೆ ಬಾಡಿಗೆದಾರಳು. ಐದು ಹೊತ್ತಿನ ನಮಾಜು ನನ್ನನ್ನ ಹಿಡಿದು ನಿಲ್ಲಿಸೇತಿ, ಸುಳ್ಳು ಹೇಳಂಗಿಲ್ಲ. ನಮ್ಮ ಕಡೆ ಶಿಶುನಾಳದ ಷರೀಫಜ್ಜಂಗ ಗುರು ಗೋವಿಂದ ಭಟ್ಟರು. ಆವಾಗ ಎರಡೂ ಕಡೆಯವರು ಅವರಿಬ್ಬರಿಗೂ ಕಾಡಿದ್ದರು ಅಂತಾರ. ಈಗ ಎರಡೂ ಕಡೆಯವರು ಜಾತ್ರಿ ಮಾಡ್ತಾರ.

ಸಾಕಪ್ಪ_ಸಾಕು

ಸರಿ, ಆ ಹೆಸರಿನ ಮಾತು ಒಪ್ಪಿದೆ.

ಅಟ್ಲಾಂಟಾ_ಅಕ್ಕ

ಇಲ್ಲಿಂದ ಒಂದು ವಿಷಯ. ನಾನಿರೋ ಊರಲ್ಲೇ ಮಾರ್ಟಿನ್ ಲೂಥರ್ ಕಿಂಗ್ ಅವರ ಎಬೆನೆಜರ್ ಚರ್ಚ್ ಇದೆ. 1956ರ ಜನವರಿ, ಮಾಂಟ್ಗೊಮರಿಯಲ್ಲಿ ಬಸ್ ಬಹಿಷ್ಕಾರ ನಡೀತಿತ್ತು. ಒಂದು ರಾತ್ರಿ ಫೋನಲ್ಲಿ ಕೊಲೆ ಬೆದರಿಕೆ ಬಂತು. ಒಳಗೆ ಹೆಂಡತಿ, ಹಸುಗೂಸು. ಕಿಂಗ್ ಅಡುಗೆಮನೆಗೆ ಹೋಗಿ ಕಾಫಿ ಮಾಡ್ಕೊಂಡು, ಮೇಜಿನ ಮುಂದೆ ತಲೆ ಬಗ್ಗಿಸಿ 'ನನ್ನ ಕೈಲಾಗ್ತಿಲ್ಲ' ಅಂತ ದೇವರ ಹತ್ತಿರ ಹೇಳ್ಕೊಂಡರು. ಅಲ್ಲೇ ಧೈರ್ಯ ಬಂತು ಅಂತ ಆಮೇಲೆ ಅವರೇ ಹೇಳಿದ್ದಾರೆ. ಮೂರು ದಿನಕ್ಕೆ ಮನೆಗೆ ಬಾಂಬ್ ಬಿತ್ತು. ಬಹಿಷ್ಕಾರ ನಿಲ್ಲಲಿಲ್ಲ, 381 ದಿನ ನಡೀತು.

ಆದರೆ ಆ ಪ್ರಾರ್ಥನೆ ಒಂದೇ ಸಾಕಾಗಲಿಲ್ಲ, ಗಮನಿಸಿ. ಬಸ್ ಹತ್ತದ ಜನರನ್ನ ಕೆಲಸಕ್ಕೆ ಕರ್ಕೊಂಡು ಹೋಗೋಕೆ ಚರ್ಚ್‌ಗಳ ಹೆಸರಲ್ಲೇ ದೊಡ್ಡ ಕಾರು ತಗೊಂಡರು. ಅದೇ ಚರ್ಚ್‌ಗಳಲ್ಲಿ ಹಾಡು, ಅದೇ ಚರ್ಚ್‌ಗಳಲ್ಲಿ ಮೀಟಿಂಗು, ಚಂದಾ ಎತ್ತೋದು. ಹಾಗೇ, ಅದೇ ವರ್ಷ ಅಕ್ಟೋಬರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರ ದೀಕ್ಷೆ!

ಇಲ್ಲಿಗೆ ಬಂದರೆ ಜಾತಿ ಬಿಟ್ಟು ಹೋಗುತ್ತೆ ಅಂದುಕೊಳ್ಳಬೇಡಿ. ಸಿಯಾಟಲ್ ನಗರ 2023ರಲ್ಲಿ ಜಾತಿ ತಾರತಮ್ಯ ನಿಷೇಧ ಮಾಡಬೇಕಾಯ್ತು ಅಂದರೆ ಲೆಕ್ಕ ಹಾಕಿ. ನಮ್ಮ ಪಾಟ್‌ಲಕ್‌ಗಳಲ್ಲೂ 'ಮನೆದೇವರು ಯಾವುದು' ಅನ್ನೋ ಪ್ರಶ್ನೆ ಪಲ್ಯದ ಜೊತೆಗೇ ಬರುತ್ತೆ.

ಆಪ್ತಮಾತು

ನಾನು ಆಪ್ತಸಮಾಲೋಚಕಿ. ಫೋನಲ್ಲಿ ಟೈಪ್ ಮಾಡ್ತಿದ್ದೀನಿ, ತಪ್ಪಿದ್ದರೆ ಕ್ಷಮಿಸಿ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನ್ನೆತ್ ಪಾರ್ಗಮೆಂಟ್ ಈ ವಿಷಯದಲ್ಲಿ ಬಹಳ ಕೆಲಸ ಮಾಡಿದ್ದಾರೆ. ಅವರು ಹೇಳೋದು, ಕಷ್ಟಕ್ಕೆ ದೇವರನ್ನ ಹಿಡಿಯೋದರಲ್ಲೇ ಎರಡು ಬಗೆ ಇದೆ. ದೇವರು ನನ್ನ ಜೊತೆಗಿದ್ದಾನೆ, ನನ್ನ ಜನ ಜೊತೆಗಿದ್ದಾರೆ ಅನ್ನೋದು ಒಂದು. ದೇವರು ನನ್ನನ್ನ ಶಿಕ್ಷಿಸ್ತಿದ್ದಾನೆ, ಕೈಬಿಟ್ಟಿದ್ದಾನೆ ಅನ್ನೋದು ಇನ್ನೊಂದು. ಎರಡನೆಯದು ಒತ್ತಡ ಜಾಸ್ತಿ ಮಾಡುತ್ತೆ. ನಮ್ಮಲ್ಲಿ ಅದಕ್ಕೆ 'ಪೂರ್ವಜನ್ಮದ ಕರ್ಮ' ಅಂತ ಹೆಸರಿಟ್ಟಿರ್ತಾರೆ. ನನ್ನ ಹತ್ತಿರ ಬರೋ ಹುಡುಗರಲ್ಲಿ ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ, ತೋರಿಸಿಕೊಳ್ಳೋ ಹಾಗಿಲ್ಲ.

ನಿಮ್ಮ ಶಿಬಿರದಲ್ಲಿ ಆದದ್ದು ಮೂರನೇ ಬಗೆ. ನೋವನ್ನ ನೋಡದೆ ಅದರ ಮೇಲೆ ಹಾರಿ ಹೋಗೋಕೆ ಅಧ್ಯಾತ್ಮ ಬಳಸೋದು. ತಾತನ ಹಾಡು ಹಾಗಲ್ಲ ಅಂತ ನಿಮ್ಮ ಬರಹ ಓದಿದರೆ ಅನ್ಸುತ್ತೆ. ಹಾಡು ಮುಗಿದ ಮೇಲೆ ಬೋರ್ಡು ಕಾಣಿಸುತ್ತಾ, ಮಾಯ ಆಗುತ್ತಾ? ನಿಮಗೆ ನೀವೇ ಕೇಳಿ ನೋಡಿ.

ಇನ್ನೊಂದು. ನಿದ್ದೆ ಎರಡು ವಾರಕ್ಕಿಂತ ಕೆಟ್ಟರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ಸಿದರೆ, ಹಾಡಿನ ಜೊತೆಗೆ ಡಾಕ್ಟರೂ ಬೇಕು. 14416 ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ.

ಕಾನೂನು_ಕಣ್ಣು

ಅದರ ಪಕ್ಕದಲ್ಲೇ ಇದನ್ನೂ ಬರ್ಕೊಳ್ಳಿ: 14566. ಎಸ್‌ಸಿ-ಎಸ್‌ಟಿ ದೌರ್ಜನ್ಯದ ದೂರಿಗೆ ರಾಷ್ಟ್ರೀಯ ಸಹಾಯವಾಣಿ. ಮನೆ ಓನರ್ ವಿಷಯದಲ್ಲಿ ಸಾಕ್ಷಿ ಕಷ್ಟ, ನಿಜ. ಆದರೆ ಆಫೀಸಿನ ಮಾತನ್ನ ತಾರೀಖು, ಸಮಯ, ಯಾರು ಇದ್ದರು ಅಂತ ಬರೆದು ಇಮೇಲಲ್ಲಿ ಎಚ್‌ಆರ್‌ಗೆ ಕಳಿಸಿ. ಬಾಯಲ್ಲಿ ಹೇಳಿದರೆ ಶಿಬಿರ ಸಿಗುತ್ತೆ. ಬರೆದು ಕೊಟ್ಟರೆ ಉತ್ತರ ಸಿಗುತ್ತೆ.

ಬರೀ_ಪ್ರಶ್ನೆ

ಮೇಲಿನ ಕೊನೆ ಎರಡು ಸಾಲಿಗೆ ಫ್ರೇಮ್ ಹಾಕಿಸಬೇಕು. ಮೊಮ್ಮಗಳು ಎಲ್ಲಿ? ಪೋಸ್ಟ್ ಹಾಕಿ ಮಾಯ.

ತಂಬೂರಿ_ಮೊಮ್ಮಗಳು

ಇದ್ದೀನಿ. ಎಲ್ಲ ಓದಿದೆ, ಕೆಲವು ಎರಡು ಸಲ. ವಾರ ಆಯ್ತು ಉತ್ತರ ಕೊಡೋಕೆ, ಕ್ಷಮಿಸಿ.

@ಆಪ್ತಮಾತು ಮೇಡಂ, ನೀವು ಕೇಳಿದ್ದಕ್ಕೆ ಅವತ್ತೇ ರಾತ್ರಿ ಗಮನ ಇಟ್ಟು ಕೇಳಿದೆ. ಬೋರ್ಡು ಮಾಯ ಆಗಲ್ಲ. ಅಲ್ಲೇ ಇರುತ್ತೆ, ಆದರೆ ಚಿಕ್ಕದಾಗಿ. ಮತ್ತೆ ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ, ತಾತ ಹಾಡಿರೋದು ಮಾಮ ಹೇಳಿದ ಅದೇ ಭಾಗ, ಕಲ್ಯಾಣದ ಬಾಗಿಲು. ಅರ್ಧಕ್ಕೇ ನಿದ್ದೆ ಬಂದುಬಿಡ್ತಿತ್ತು, ಪೂರ್ತಿ ಕೇಳೇ ಇರಲಿಲ್ಲ!

@ಕಾನೂನು_ಕಣ್ಣು ಇಮೇಲ್ ಕಳಿಸಿದೆ. ಬರೆಯೋಕೆ ಮೂರು ಗಂಟೆ, ಸೆಂಡ್ ಒತ್ತೋಕೆ ಎರಡು ದಿನ. ಬುಧವಾರ ಮೀಟಿಂಗ್ ಕರೆದಿದ್ದಾರೆ. ಏನಾಗುತ್ತೋ ನೋಡಬೇಕು.

@ಮಳವಳ್ಳಿ_ಮಾಮ ಮೊನ್ನೆ ಒರೆಸದೆ ಹೋದೆ. ಬಸ್ಸಲ್ಲಿ ಎದೆ ಡವಡವ. ಆಫೀಸಲ್ಲಿ ಪಕ್ಕದ ಸೀಟಿನ ಹುಡುಗಿ 'ಅಯ್ಯೋ, ಹಣೆಗೆ ಕಾಡಿಗೆ ಹತ್ಕೊಂಡಿದೆ' ಅಂತ ಟಿಶ್ಯೂ ಕೊಟ್ಟಳು.

ಹೊಸಕೋಟೆ_ಹುಡ್ಗ

😂😂😂 ಏನಂದ್ರಿ ಅವಳಿಗೆ?

ತಂಬೂರಿ_ಮೊಮ್ಮಗಳು

ಟಿಶ್ಯೂಲಿ ಮೂಗು ಒರೆಸಿಕೊಂಡೆ. ಆಮೇಲೆ ಕ್ಯಾಂಟೀನಲ್ಲಿ ಕಥೆ ಪೂರ್ತಿ ಹೇಳಿದೆ. ಊಟದ ಟೈಮ್ ಮುಗಿದು ಹೋಯ್ತು, ನೊಣದ ಭಾಗ ಬಂದಾಗ ಅವಳು ಮೊಸರನ್ನ ಪಕ್ಕಕ್ಕೆ ಇಟ್ಟಳು.

ಮಳವಳ್ಳಿ_ಮಾಮ

ಭಲೇ ಮಗಳೇ. ಜನವರಿಯಲ್ಲಿ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಲ್ಲಿ ಸಿದ್ದಪ್ಪಾಜಿ ಜಾತ್ರೆ. ಜಾತ್ರೆ ಶುರುವಾಗೋ ಚಂದ್ರಮಂಡಲದ ದಿನವೇ ಬಂದುಬಿಡು. ಪಂಕ್ತಿಸೇವೆಗೆ ನಮ್ಮ ಬಿಡಾರದಲ್ಲೇ ಊಟ, ಯಾವ ಪೈಕಿ ಅಂತ ಯಾರೂ ಕೇಳಲ್ಲ.

ಬರೀ_ಪ್ರಶ್ನೆ

ಅಲ್ಲಿ ಪ್ರಾಣಿಬಲಿ ಅಂತ ಪ್ರತಿ ವರ್ಷ ತಡೀತಾರಲ್ವಾ?

ಮಳವಳ್ಳಿ_ಮಾಮ

ಬಲಿ ಅಲ್ಲ ಸ್ವಾಮಿ, ಊಟ. ಎಲ್ಲ ಜಾತಿಯೋರೂ ಬೇಯಿಸಿ ಒಟ್ಟಿಗೆ ಉಣ್ಣೋದು. ಅದನ್ನ ಪೊಲೀಸರಿಗೆ ಪ್ರತಿ ವರ್ಷ ಬಿಡಿಸಿ ಹೇಳೋದೇ ಒಂದು ಸೇವೆ ಆಗೋಗಿದೆ. ನೀವೂ ಬನ್ನಿ, ದೇವರನ್ನ ನಂಬದೇ ಇದ್ದರೂ ಸಾರು ಇಳಿಯುತ್ತೆ.

ಬರೀ_ಪ್ರಶ್ನೆ

ಸಾರಿನ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ.

ಆತ್ಮಾನಂದ_62

ನಾನು ಸಸ್ಯಾಹಾರಿ. ಬಂದರೆ ಕೂರಿಸ್ಕೊಳ್ತೀರಾ?

ಮಳವಳ್ಳಿ_ಮಾಮ

ಬನ್ನಿ ಮೇಷ್ಟ್ರೇ. ಮುದ್ದೆ, ಅವರೆಕಾಳು ಸಾರು ಬೇರೆ ಪಾತ್ರೆಯಲ್ಲಿ ಮಾಡಿಸ್ತೀನಿ. ಲೋಟ ಮಾತ್ರ ಎಲ್ಲರಿಗೂ ಒಂದೇ.

ಮಂಡಿನೋವು_ಮಂಜು

ಕುರ್ಚಿ ಇರುತ್ತಾ?